ಕೆರೆ ತುಂಬಿದ್ದರೂ ತೂಬಿನಷ್ಟೇ ನೀರು: ಮನೆಯ ಇಂಟರ್‌ನೆಟ್ 1 ಗಿಗಾಬಿಟ್ ದಾಟಬೇಕಾದರೆ

ತುಮಕೂರಿನಲ್ಲಿ ಮನೆಗೆ ಟಿವಿ ಕೇಬಲ್ ಎಳೆದವರೇ ಈಗ ಬಹಳ ಕಡೆ ಇಂಟರ್‌ನೆಟ್ಟನ್ನೂ ಕೊಡುತ್ತಾರೆ. 1 ಗಿಗಾಬಿಟ್‌ಗಿಂತ ದೊಡ್ಡ ಪ್ಲ್ಯಾನ್ ಹಾಕಿಸಿಕೊಂಡು ಸ್ಪೀಡ್ ಟೆಸ್ಟ್ ಒತ್ತಿದರೆ ಮುಳ್ಳು 940 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್, 1000 ಆದರೆ 1 ಗಿಗಾಬಿಟ್) ಹತ್ತಿರ ಬಂದು ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೂ 940, ನಡುರಾತ್ರಿ ನೋಡಿದರೂ 940. ಕೇಬಲ್‌ನವರಿಗೆ ಫೋನ್ ಮಾಡಿ ಜಗಳ ಆಡುವ ಮೊದಲು ಆ ಅಂಕಿಯನ್ನೇ ಸ್ವಲ್ಪ ನೋಡಿ. ಲೈನ್ ಕೆಟ್ಟಿದ್ದರೆ ಸ್ಪೀಡು ಒಮ್ಮೆ 600, ಒಮ್ಮೆ 850 ಎಂದು ಏರಿಳಿಯುತ್ತದೆ. ಪ್ರತಿ ಸಲವೂ ಒಂದೇ ಕಡೆ ನಿಂತರೆ ಲೈನ್ ಚೆನ್ನಾಗಿದೆ, ದಾರಿಯಲ್ಲಿ ಎಲ್ಲೋ 1 ಗಿಗಾಬಿಟ್ ಮಿತಿಯ ಪೋರ್ಟ್ (ವೈರು ಸಿಕ್ಕಿಸುವ ಬಾಯಿ) ಕೂತಿದೆ ಎಂದರ್ಥ.

940 ಎಲ್ಲಿಂದ ಬಂತು ಎನ್ನುವುದಕ್ಕೆ ಲೆಕ್ಕವಿದೆ. ಗಿಗಾಬಿಟ್ ಈಥರ್‌ನೆಟ್‌ನಲ್ಲಿ, ಅಂದರೆ ವೈರಿನ ಜಾಲದಲ್ಲಿ, ಒಂದು ಪೂರ್ತಿ ಪ್ಯಾಕೆಟ್ (ಮಾಹಿತಿಯ ಒಂದು ಕಂತೆ) ತಂತಿಯ ಮೇಲೆ 1538 ಬೈಟ್ ಜಾಗ ತಿನ್ನುತ್ತದೆ. ವಿಳಾಸ, ತಲೆಬರಹ, ಎರಡು ಪ್ಯಾಕೆಟ್ ನಡುವಿನ ಖಾಲಿ ಜಾಗ ಎಲ್ಲ ಕಳೆದರೆ ನಿಮ್ಮ ಫೈಲಿಗೆ ಸಿಗುವುದು 1448 ಬೈಟ್. ಅಂದರೆ ನೂರಕ್ಕೆ 94 ಪಾಲು. 1000ದಲ್ಲಿ 940 ಸಿಕ್ಕಿತೆಂದರೆ ಆ ಪೋರ್ಟ್ ತನ್ನ ಪೂರ್ತಿ ಶಕ್ತಿ ಕೊಟ್ಟಾಗಿದೆ. ಅದಕ್ಕೆ ಮೇಲೆ ಏನೂ ಉಳಿದಿಲ್ಲ.

ಕೆರೆ ಕೋಡಿ ಬಿದ್ದಿದ್ದರೂ ಗದ್ದೆಗೆ ಬರುವುದು ತೂಬಿನಷ್ಟೇ ನೀರು. ಆಪರೇಟರ್ ಕೇಂದ್ರದಿಂದ ನಿಮ್ಮ ಕಂಪ್ಯೂಟರ್‌ವರೆಗೆ ಆರೇಳು ತೂಬುಗಳಿವೆ: ಹೊರಗಿನ ಲೈನ್, ಮೋಡೆಮ್ (ಲೈನ್ ಬಂದು ಸೇರುವ ಡಬ್ಬಿ), ಮೋಡೆಮ್‌ನ ಪೋರ್ಟ್, ರೂಟರ್ (ನೆಟ್ಟನ್ನು ಮನೆಯ ಸಾಧನಗಳಿಗೆ ಹಂಚುವ ಡಬ್ಬಿ), ಗೋಡೆಯೊಳಗಿನ ವೈರು, ಕಂಪ್ಯೂಟರ್‌ನ ಕಾರ್ಡ್ ಅಥವಾ ವೈ-ಫೈ. ಇವುಗಳಲ್ಲಿ ಯಾವುದು ಕಿರಿದೋ ಅದೇ ನಿಮ್ಮ ಸ್ಪೀಡು. ಬಹಳ ಜನ ಮೊದಲು ದುಬಾರಿ ರೂಟರ್ ತರುತ್ತಾರೆ. ರೂಟರ್‌ಗಿಂತ ಹಿಂದಿನ ತೂಬು ಕಿರಿದಾಗಿದ್ದರೆ ಆ ದುಡ್ಡಿಗೆ ಒಂದು ಎಂಬಿಪಿಎಸ್ ಕೂಡ ಹೆಚ್ಚಿಗೆ ಬರುವುದಿಲ್ಲ. ಆದ್ದರಿಂದ ಹೊರಗಿನಿಂದ ಒಳಕ್ಕೆ, ಒಂದೊಂದಾಗಿ ನೋಡಿಕೊಂಡು ಬನ್ನಿ.

ಮನೆಗೆ ಬಂದಿರುವ ಲೈನ್ ಯಾವುದು?

ಮೋಡೆಮ್‌ಗೆ ಬಂದಿರುವ ವೈರನ್ನು ಕೈಯಲ್ಲಿ ಹಿಡಿದು ನೋಡಿ. ಪೆನ್ಸಿಲ್ ದಪ್ಪದ ಕಪ್ಪು ಅಥವಾ ಬಿಳಿ ಕೇಬಲ್, ತುದಿಯಲ್ಲಿ ತಿರುಗಿಸಿ ಹಾಕುವ ಲೋಹದ ಪಿನ್, ನಡುವೆ ಒಂದು ತಾಮ್ರದ ಎಳೆ ಇದ್ದರೆ ಅದು ಕೋಆಕ್ಸಿಯಲ್, ಟಿವಿ ಕೇಬಲ್. ತೆಳ್ಳಗಿನ ವೈರು, ತುದಿಯಲ್ಲಿ ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ಅದು ಫೈಬರ್. ಹೊಸ ಬಡಾವಣೆಗಳಲ್ಲಿ ಈಗ ಫೈಬರೇ ಹೆಚ್ಚು. ಹಳೆಯ ಬೀದಿಗಳಲ್ಲಿ ಕಂಬದವರೆಗೆ ಫೈಬರ್, ಅಲ್ಲಿಂದ ಮನೆಗೆ ಕೋಆಕ್ಸಿಯಲ್ ಎನ್ನುವ ಏರ್ಪಾಡೂ ಉಂಟು.

ಫೈಬರ್ ಎಂದ ಮಾತ್ರಕ್ಕೆ ಗಿಗಾಬಿಟ್ ದಾಟುತ್ತದೆ ಎಂದುಕೊಳ್ಳಬೇಡಿ. ಈ ಒಂದು ವಿಷಯ ದುಡ್ಡು ಕಟ್ಟುವ ಮೊದಲೇ ತಿಳಿದಿರಬೇಕು. ಒಂದು ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡಿನಲ್ಲಿ ಇಪಾನ್, ಜಿಪಾನ್, ಎಕ್ಸ್‌ಜಿಎಸ್-ಪಾನ್ ಎಂಬ ಬಗೆಗಳಿವೆ. ಚಿಕ್ಕ ಆಪರೇಟರ್‌ಗಳು ಬಳಸುವ ಅಗ್ಗದ ಬಗೆ ಇಪಾನ್. ಅದರ ಒಟ್ಟು ಸಾಮರ್ಥ್ಯವೇ 1 ಗಿಗಾಬಿಟ್, ಅದನ್ನೂ ಆ ಎಳೆಯ ಮೇಲಿರುವ ಮನೆಗಳೆಲ್ಲ ಹಂಚಿಕೊಳ್ಳಬೇಕು. ಇಪಾನ್ ಲೈನ್ ಮೇಲೆ ನೀವು ಏನೇ ತಂದಿಟ್ಟರೂ ಗಿಗಾಬಿಟ್ ದಾಟುವುದು ಸಾಧ್ಯವಿಲ್ಲ. ಜಿಪಾನ್ ಆದರೆ ಕೆಳಮುಖವಾಗಿ 2.488 ಗಿಗಾಬಿಟ್, ಮೇಲ್ಮುಖವಾಗಿ 1.244. ಅದೂ 32 ಅಥವಾ 64 ಮನೆಗಳ ನಡುವೆ ಹಂಚಿಕೆ. ಎಕ್ಸ್‌ಜಿಎಸ್-ಪಾನ್ ಆದರೆ ಎರಡೂ ಕಡೆಗೆ ಸುಮಾರು 10 ಗಿಗಾಬಿಟ್. ಆಪರೇಟರ್‌ಗೆ ಫೋನ್ ಮಾಡಿ "ನಿಮ್ಮದು ಇಪಾನಾ, ಜಿಪಾನಾ? ನನಗೆ ಕೊಡುವ ಡಬ್ಬಿಯಲ್ಲಿ 2.5 ಗಿಗಾಬಿಟ್ ಪೋರ್ಟ್ ಇದೆಯಾ?" ಎಂದು ನೇರವಾಗಿ ಕೇಳಿ. ಲೈನ್ ಹಾಕುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ಅವರ ಕಂಟ್ರೋಲ್ ರೂಮಿನವರಿಗೆ ಖಂಡಿತ ಗೊತ್ತಿರುತ್ತದೆ.

ಕೋಆಕ್ಸಿಯಲ್ ಲೈನ್: ಮೋಡೆಮ್‌ನ ಒಳಪುಟ ಓದಿ

ಕೇಬಲ್ ಮೋಡೆಮ್ ಬಳಸುವವರು ಬ್ರೌಸರ್‌ನಲ್ಲಿ 192.168.100.1 ಎಂದು ಹೊಡೆಯಿರಿ. ಬಹುತೇಕ ಕೇಬಲ್ ಮೋಡೆಮ್‌ಗಳ ಒಳಪುಟ ಅಲ್ಲೇ ತೆರೆಯುತ್ತದೆ. ಅಲ್ಲಿ ನೋಡಬೇಕಾದದ್ದು ನಾಲ್ಕು: ಡಾಕ್ಸಿಸ್ (ಟಿವಿ ಕೇಬಲ್ ಮೇಲೆ ಇಂಟರ್‌ನೆಟ್ ಓಡಿಸುವ ಮಾನದಂಡ) ಆವೃತ್ತಿ, ಎಷ್ಟು ಡೌನ್‌ಸ್ಟ್ರೀಮ್ (ಮನೆಯೊಳಕ್ಕೆ ಬರುವ) ಚಾನೆಲ್ ಕೂಡಿಕೊಂಡಿವೆ, ಪ್ರತಿ ಚಾನೆಲ್‌ನ ಪವರ್ ಮತ್ತು ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ), ಸರಿಪಡಿಸಲಾಗದ ತಪ್ಪುಗಳ ಎಣಿಕೆ.

ಡಾಕ್ಸಿಸ್ 3.0 ಮೋಡೆಮ್‌ನಲ್ಲಿ ಸ್ಪೀಡು ಚಾನೆಲ್‌ಗಳ ಲೆಕ್ಕ. 8 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಸುಮಾರು 50 ಎಂಬಿಪಿಎಸ್ ಹೊರುತ್ತದೆ, 6 ಮೆಗಾಹರ್ಟ್ಸ್ ಅಗಲದ್ದು ಸುಮಾರು 38. 8 ಚಾನೆಲ್ ಮೋಡೆಮ್ ಇಟ್ಟುಕೊಂಡು ಗಿಗಾಬಿಟ್ ನಿರೀಕ್ಷಿಸಿದರೆ 400 ಹತ್ತಿರವೇ ಮುಗಿಯುತ್ತದೆ. 24 ಚಾನೆಲ್ ಇದ್ದರೆ 8 ಮೆಗಾಹರ್ಟ್ಸ್ ಲೆಕ್ಕದಲ್ಲಿ 1200, 32 ಇದ್ದರೆ 1600. ಆದರೆ ಈ ಸಾಮರ್ಥ್ಯವನ್ನು ಬೀದಿಯ ಅಕ್ಕಪಕ್ಕದ ಮನೆಗಳೂ ಬಳಸುತ್ತಿರುತ್ತವೆ. ರಾತ್ರಿ 9 ಗಂಟೆಗೆ 3.0 ಮೋಡೆಮ್‌ನಿಂದ ಗಿಗಾಬಿಟ್ ಮೇಲೆ ತೆಗೆಯುವ ಆಸೆ ಬಿಡುವುದು ಒಳ್ಳೆಯದು.

ನಿಜವಾಗಿ ಗಿಗಾಬಿಟ್ ದಾಟಿಸುವುದು ಡಾಕ್ಸಿಸ್ 3.1. ಇದರಲ್ಲಿ 192 ಮೆಗಾಹರ್ಟ್ಸ್‌ವರೆಗೆ ಅಗಲವಾದ, ಒಎಫ್‌ಡಿಎಂ ಎಂಬ ಹೊಸ ಬಗೆಯ ಚಾನೆಲ್‌ಗಳಿರುತ್ತವೆ. ಸಿಗ್ನಲ್ ಶುದ್ಧವಾಗಿದ್ದರೆ ಅಂಥ ಒಂದೇ ಚಾನೆಲ್ 1.5 ಗಿಗಾಬಿಟ್‌ಗಿಂತ ಹೆಚ್ಚು ಹೊರುತ್ತದೆ. "ಶುದ್ಧವಾಗಿದ್ದರೆ" ಎಂಬ ಮಾತಿಗೆ ಇಲ್ಲಿ ತೂಕ ಹೆಚ್ಚು. ಕ್ಯೂಎಎಂ ಎಂದರೆ ಸಿಗ್ನಲ್‌ನಲ್ಲಿ ಮಾಹಿತಿ ತುಂಬುವ ವಿಧಾನ, ಅಂಕಿ ದೊಡ್ಡದಾದಷ್ಟೂ ದಟ್ಟ. ಸಾಮಾನ್ಯವಾಗಿ ಬಳಸುವ ಅತಿ ದಟ್ಟ ಮಟ್ಟವಾದ 4096-ಕ್ಯೂಎಎಂ ಓಡಬೇಕಾದರೆ ಎಸ್‌ಎನ್‌ಆರ್ ಸುಮಾರು 41 ಡೆಸಿಬೆಲ್ ಇರಬೇಕು. 37ಕ್ಕೆ ಇಳಿದರೆ 2048, 34ಕ್ಕೆ ಇಳಿದರೆ 1024. ಹಾಗಾಗಿ ಪಿನ್ ಒಂದು ಸಡಿಲವಾಗಿದ್ದರೂ ನೆಟ್ ಪೂರ್ತಿ ನಿಲ್ಲುವುದಿಲ್ಲ, ಮೋಡೆಮ್ ಸದ್ದಿಲ್ಲದೆ ಒಂದು ಮೆಟ್ಟಿಲು ಕೆಳಗಿಳಿದು ನಡೆಯುತ್ತದೆ. ಬಹಳ ದಿನ ಯಾರಿಗೂ ಗೊತ್ತಾಗದ ತೊಂದರೆ ಇದು. 3.1 ಮೋಡೆಮ್ ಇದ್ದರೂ ಆಪರೇಟರ್ ತನ್ನ ಕಡೆ ಒಎಫ್‌ಡಿಎಂ ಚಾನೆಲ್ ಹಾಕಿರದಿದ್ದರೆ ಅದು 3.0 ಮೋಡೆಮ್‌ನಂತೆಯೇ ಓಡುತ್ತದೆ. ಒಳಪುಟದಲ್ಲಿ ಒಎಫ್‌ಡಿಎಂ ಸಾಲು "ಲಾಕ್ಡ್" ಎಂದು ತೋರಿಸುತ್ತಿದೆಯೇ ನೋಡಿ.

ಡೌನ್‌ಸ್ಟ್ರೀಮ್ ಪವರ್ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ಒಳಗಿದ್ದರೆ ಸಮಾಧಾನ. ನಿಯಮದ ಪ್ರಕಾರ 15ರವರೆಗೆ ಆ ಕಡೆ ಈ ಕಡೆ ಹೋಗಬಹುದು, ಆದರೆ ಆ ಅಂಚಿನಲ್ಲಿ ಬೇಸಿಗೆ ಬಿಸಿಲಿಗೂ ಮಳೆಗಾಲದ ತೇವಕ್ಕೂ ಲೈನ್ ಅಲ್ಲಾಡುತ್ತದೆ. ಹಳೆಯ ಮಾದರಿಯ 256-ಕ್ಯೂಎಎಂ ಚಾನೆಲ್‌ಗಳಿಗೆ ಎಸ್‌ಎನ್‌ಆರ್ 33ಕ್ಕಿಂತ ಮೇಲಿರಲಿ. ಅಪ್‌ಸ್ಟ್ರೀಮ್ (ಮನೆಯಿಂದ ಹೊರಕ್ಕೆ ಹೋಗುವ) ಪವರ್ 35ರಿಂದ 48 ಇದ್ದರೆ ಚೆನ್ನ. 50 ದಾಟಿದೆ ಎಂದರೆ ನಿಮ್ಮ ಮೋಡೆಮ್ ಕೂಗಿ ಕೂಗಿ ಮಾತಾಡುತ್ತಿದೆ, ದಾರಿಯಲ್ಲಿ ಯಾವುದೋ ಸ್ಪ್ಲಿಟರ್ (ಒಂದು ಲೈನನ್ನು ಹಲವಾಗಿ ಒಡೆಯುವ ತುಂಡು) ಅಥವಾ ಕೆಟ್ಟ ಜಾಯಿಂಟ್ ಅದರ ದನಿಯನ್ನು ನುಂಗುತ್ತಿದೆ. ಲಾಗ್ ಪುಟದಲ್ಲಿ, ಅಂದರೆ ಮೋಡೆಮ್ ಬರೆದಿಡುವ ದಾಖಲೆಯಲ್ಲಿ, ಟಿ3 ಟೈಮ್‌ಔಟ್ (ಕಾದರೂ ಉತ್ತರ ಬರಲಿಲ್ಲ ಎಂಬ ಸೂಚನೆ) ಸಾಲುಸಾಲಾಗಿ ಇದ್ದರೆ ತೊಂದರೆ ಅಪ್‌ಸ್ಟ್ರೀಮ್‌ನಲ್ಲಿದೆ, ಟಿ4 ಇದ್ದರೆ ಡೌನ್‌ಸ್ಟ್ರೀಮ್‌ನಲ್ಲಿ. ಸರಿಪಡಿಸಲಾಗದ ತಪ್ಪುಗಳ ಎಣಿಕೆಯನ್ನು ಸುಮ್ಮನೆ ನೋಡಿ ಹೆದರಬೇಡಿ, ಅದು ತಿಂಗಳುಗಟ್ಟಲೆ ಕೂಡುತ್ತಾ ಬಂದಿರಬಹುದು. ಮೋಡೆಮ್ ಒಮ್ಮೆ ಆಫ್ ಮಾಡಿ ಹಾಕಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಆಗಲೂ ಏರುತ್ತಲೇ ಇದ್ದರೆ ಕೇಬಲ್ ಕೆಲಸಕ್ಕೆ ಕೈ ಹಾಕಬೇಕು.

ಕೇಬಲ್ ಕೆಲಸ

ಟಿವಿಗೆಂದು ಹದಿನೈದು ವರ್ಷದ ಹಿಂದೆ ಹಾಕಿದ ಕೇಬಲ್ ಮೇಲೆ ಗಿಗಾಬಿಟ್ ಓಡಿಸಲು ಹೊರಟಾಗ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇಲ್ಲಿನ ಕೆಲಸವೇ. ಖರ್ಚೂ ಕಡಿಮೆ.

ಮೊದಲು ಸ್ಪ್ಲಿಟರ್ ಹುಡುಕಿ. ಹಾಲ್‌ನ ಟಿವಿಗೊಂದು, ಮೇಲಿನ ಮನೆಗೊಂದು ಎಂದು ಲೈನ್ ಒಡೆದಿರುತ್ತಾರೆ. ಎರಡು ದಾರಿಯ ಸ್ಪ್ಲಿಟರ್ 3.5 ಡೆಸಿಬೆಲ್ ತಿನ್ನುತ್ತದೆ, ನಾಲ್ಕು ದಾರಿಯದ್ದು 7. ಒಂದರ ಹಿಂದೆ ಒಂದು ಎರಡು ಇದ್ದರೆ ಕೂಡಿಸಿಕೊಳ್ಳಿ. ಮನೆಗೆ ಬಂದ ಲೈನ್‌ಗೆ ಎರಡು ದಾರಿಯ ಒಂದೇ ಸ್ಪ್ಲಿಟರ್ ಹಾಕಿ, ಒಂದು ಕಾಲು ನೇರವಾಗಿ ಮೋಡೆಮ್‌ಗೆ, ಇನ್ನೊಂದು ಕಾಲಿನಿಂದ ಟಿವಿಗಳೆಲ್ಲಕ್ಕೂ. ಸ್ಪ್ಲಿಟರ್ ಮೇಲೆ 5ರಿಂದ 1218 ಮೆಗಾಹರ್ಟ್ಸ್ ಎಂದು ಅಚ್ಚಾಗಿರಬೇಕು, ಕನಿಷ್ಠ 5ರಿಂದ 1000 ಆದರೂ ಇರಲಿ. ಟಿವಿಗೆಂದೇ ಮಾಡಿದ ಕೆಲವು ಹಳೆಯವು 5 ಮೆಗಾಹರ್ಟ್ಸ್‌ನಿಂದ ಶುರುವಾಗುವುದಿಲ್ಲ, ಅವು ಅಪ್‌ಲೋಡ್ ದಾರಿಯನ್ನೇ ಮುಚ್ಚಿಬಿಡುತ್ತವೆ. ಖಾಲಿ ಬಿಟ್ಟ ಬಾಯಿಗೆ 75 ಓಮ್ ಟರ್ಮಿನೇಟರ್ (ಬಾಯಿ ಮುಚ್ಚುವ ಚಿಕ್ಕ ಟೋಪಿ) ಹಾಕಿ. ಟಿವಿ ಚಿತ್ರ ಚೆನ್ನಾಗಿ ಬರಲೆಂದು ಹಿಂದೆ ಹಾಕಿಸಿದ ಬೂಸ್ಟರ್ ಇದ್ದರೆ ಮೋಡೆಮ್ ದಾರಿಯಿಂದ ತೆಗೆಯಲೇಬೇಕು. ಅಂಥ ಬೂಸ್ಟರ್ ಹೆಚ್ಚಾಗಿ ಒಂದೇ ಕಡೆಗೆ ಕೆಲಸ ಮಾಡುತ್ತದೆ. ಮನೆಯಿಂದ ಹೊರಗೆ ಹೋಗುವ ಸಿಗ್ನಲ್ ಅದರಲ್ಲಿ ಸತ್ತುಹೋಗುತ್ತದೆ.

ಎರಡನೆಯದು ಕೇಬಲ್. ಹೊರಕವಚದ ಮೇಲೆ ಆರ್‌ಜಿ-59 ಎಂದಿದ್ದರೆ ಬದಲಿಸಿ, ಆರ್‌ಜಿ-6 ಹಾಕಿ. ಕೇಬಲ್‌ನಲ್ಲಿ ಮೇಲಿನ ಆವರ್ತನಗಳು ಬೇಗ ಸೊರಗುತ್ತವೆ. 100 ಮೀಟರ್ ಆರ್‌ಜಿ-6ರಲ್ಲಿ 1000 ಮೆಗಾಹರ್ಟ್ಸ್ ಹತ್ತಿರ ಸುಮಾರು 20 ಡೆಸಿಬೆಲ್ ಹೋದರೆ 55 ಮೆಗಾಹರ್ಟ್ಸ್‌ನಲ್ಲಿ ಹೋಗುವುದು 5ರ ಹತ್ತಿರ. ಒಎಫ್‌ಡಿಎಂ ಚಾನೆಲ್ ಮೇಲಿನ ತುದಿಯಲ್ಲಿದ್ದರೆ ಟಿವಿ ಚೆನ್ನಾಗಿ ಓಡುತ್ತಿರುವಾಗಲೇ ನೆಟ್ ಸೊರಗುವುದು ಇದರಿಂದ. ಮೊದಲ ಮಹಡಿಗೆ ಸುತ್ತಿ ಬಳಸಿ 40 ಮೀಟರ್ ಎಳೆದಿದ್ದರೆ ಕಿಟಕಿಯ ಪಕ್ಕದಿಂದ ನೇರ ದಾರಿ ಹುಡುಕಿ 15 ಮೀಟರ್‌ಗೆ ಇಳಿಸಿ. ಬರೀ ಅಷ್ಟರಲ್ಲೇ 5 ಡೆಸಿಬೆಲ್ ಉಳಿಯುತ್ತದೆ.

ಮೂರನೆಯದು ಪಿನ್. ಇಕ್ಕಳದಲ್ಲಿ ಒತ್ತಿ ಕೂರಿಸಿದ ಪಿನ್ ಬೇಡ, ಕಂಪ್ರೆಷನ್ ಮಾದರಿಯ ಎಫ್ ಪಿನ್ ಮತ್ತು ಅದರ ಟೂಲ್ ಬೇಕು. ತುಮಕೂರಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. ಕೇಬಲ್ ತುದಿಯಲ್ಲಿ ನಡುವಿನ ತಾಮ್ರ 6 ಮಿಲಿಮೀಟರ್ ಬೆತ್ತಲೆಯಾಗಬೇಕು, ಅದರ ಹಿಂದೆ 6 ಮಿಲಿಮೀಟರ್ ಹೊರಕವಚ ಮಾತ್ರ ಸುಲಿದು ಒಳಗಿನ ಜಾಲರಿಯನ್ನು ಹಿಂದಕ್ಕೆ ಮಡಚಿ. ಜಾಲರಿಯ ಒಂದು ಎಳೆ ಕೂಡ ನಡುವಿನ ತಾಮ್ರಕ್ಕೆ ತಾಗಬಾರದು. ಪಿನ್‌ಗೆ ತೂರಿಸಿದಾಗ ಬಿಳಿ ಫೋಮ್ ಪಿನ್‌ನ ಒಳತಳಕ್ಕೆ ಸಮನಾಗಿ ಬಂದು ನಿಲ್ಲಬೇಕು. ಅದಕ್ಕಿಂತ ಒಳಗೇ ಉಳಿದರೆ ಕೇಬಲ್ ಪೂರ್ತಿ ಹೋಗಿಲ್ಲ ಎಂದರ್ಥ. ತಾಮ್ರ ಪಿನ್‌ನ ಬಾಯಿಂದ ಸುಮಾರು 3 ಮಿಲಿಮೀಟರ್ ಹೊರಗೆ ಕಾಣಬೇಕು. ಕಡಿಮೆಯಾದರೆ ತಾಗುವುದಿಲ್ಲ, ಹೆಚ್ಚಾದರೆ ಪೋರ್ಟ್‌ನ ಒಳಗಿನ ಹಿಡಿಕೆ ಹಿಗ್ಗಿ ಹಾಳಾಗುತ್ತದೆ. ಕೈಯಲ್ಲಿ ಆದಷ್ಟು ತಿರುಗಿಸಿ, ಆಮೇಲೆ 11 ಮಿಲಿಮೀಟರ್ ಸ್ಪ್ಯಾನರ್‌ನಿಂದ ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ. ಮೋಡೆಮ್ ಕಡೆ ಇನ್ನೂ ಮೆಲ್ಲಗೆ, ಒಳಗಿನ ಬೋರ್ಡ್ ಬಿರುಕು ಬಿಡಬಾರದು.

ಹೊರಗಿನ ಜಾಯಿಂಟ್‌ಗೆ ರಬ್ಬರ್ ಟೋಪಿ ಅಥವಾ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಿ. ಸಾಮಾನ್ಯ ಕರೆಂಟ್ ಟೇಪ್ ಒಂದೇ ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ. ಗೋಡೆಗೆ ತೂರುವ ಮೊದಲು ಕೇಬಲನ್ನು ಒಂದು ಗೇಣು ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತಂದರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಗುಬ್ಬಿ, ತಿಪಟೂರು ಕಡೆ ತೆಂಗಿನ ಮರದಿಂದ ಮರಕ್ಕೆ ಕಟ್ಟಿ ತಂದ ಲೈನ್‌ಗಳಿರುತ್ತವೆ. ಗಾಳಿಗೆ ಮರ ತೂಗಿದಂತೆಲ್ಲ ಪಿನ್ ಬುಡದಲ್ಲಿ ಕೇಬಲ್ ಎಳೆಯುತ್ತದೆ, ಒಣಗಿದ ಗರಿ ಬಿದ್ದರೆ ಒಂದೇ ಏಟಿಗೆ ಹರಿಯುತ್ತದೆ. ಅಂಥ ಕಡೆ ಉಕ್ಕಿನ ತಂತಿ ಜೊತೆಗೂಡಿದ ಕೇಬಲ್ ಕೇಳಿ ಹಾಕಿಸಿ, ಭಾರವೆಲ್ಲ ಆ ತಂತಿಯ ಮೇಲಿರಲಿ. ಆದರೆ ಕಂಬದ ಕೆಲಸಕ್ಕೆ ನೀವು ಹತ್ತಬೇಡಿ. ಅದೇ ಕಂಬದಲ್ಲಿ ಬೆಸ್ಕಾಂ ಲೈನ್ ಇರುತ್ತದೆ, ಅದು ಕೇಬಲ್‌ನವರ ಕೆಲಸ.

ಪವರ್ ಕಡಿಮೆಯಾದರಷ್ಟೇ ತೊಂದರೆ ಎಂದುಕೊಳ್ಳಬೇಡಿ. ಬೀದಿಯಲ್ಲಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್‌ನ ಪಕ್ಕದ ಮನೆಯಾದರೆ ಪ್ಲಸ್ 12, 14 ಬರುವುದುಂಟು. ಆಗ ಮೋಡೆಮ್‌ನ ಹಿಂದೆ 6 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಸಿಕ್ಕಿಸಿದರೆ ಸಾಕು.

ಮೋಡೆಮ್‌ನ ಬಾಯಿ

ಲೈನ್ 1.4 ಗಿಗಾಬಿಟ್ ತಂದುಕೊಟ್ಟರೂ ಮೋಡೆಮ್‌ನ ಹಿಂದೆ ಇರುವುದು ಒಂದೇ ಗಿಗಾಬಿಟ್ ಪೋರ್ಟ್ ಆದರೆ ಮತ್ತೆ ಅದೇ 940. ಇದಕ್ಕೆ ಪರಿಹಾರ ಎರಡು. ಒಳ್ಳೆಯದು 2.5 ಗಿಗಾಬಿಟ್ ಪೋರ್ಟ್ ಇರುವ ಮೋಡೆಮ್. ಅದರ ನಿಜವಾದ ಗರಿಷ್ಠ ಅದೇ 94ರ ಲೆಕ್ಕದಲ್ಲಿ ಸುಮಾರು 2350 ಎಂಬಿಪಿಎಸ್. ಹೊರಗಿನಿಂದ ಮೋಡೆಮ್ ಕೊಳ್ಳುವ ಮೊದಲು ಆಪರೇಟರ್ ಅದನ್ನು ತಮ್ಮ ಜಾಲಕ್ಕೆ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಅವರ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಮೋಡೆಮ್ ಆದರೂ ಬರೀ ದೀಪ ಮಿನುಗಿಸುತ್ತಾ ಕೂರುತ್ತದೆ.

ಇನ್ನೊಂದು ದಾರಿ ಲಿಂಕ್ ಅಗ್ರಿಗೇಷನ್, ಎರಡು ಗಿಗಾಬಿಟ್ ಪೋರ್ಟ್‌ಗಳನ್ನು ಎರಡು ವೈರಿನಿಂದ ರೂಟರ್‌ಗೆ ಜೋಡಿಸಿ ಒಂದೇ ದಾರಿಯಂತೆ ಬಳಸುವುದು. ಮೋಡೆಮ್ ಮತ್ತು ರೂಟರ್ ಎರಡರಲ್ಲೂ ಇದಕ್ಕೆ ಬೇಕಾದ ಎಲ್‌ಎಸಿಪಿ ಎಂಬ ಸೌಲಭ್ಯ ಇರಬೇಕು. ಮೊದಲು ಒಂದೇ ವೈರು ಇಟ್ಟುಕೊಂಡು ಎರಡೂ ಕಡೆ ಸೆಟ್ಟಿಂಗ್ ಆನ್ ಮಾಡಿ. ಎರಡನೆಯ ವೈರು ಹಾಕಿ. ಮೋಡೆಮ್ ರೀಸ್ಟಾರ್ಟ್ ಮಾಡಿ, ಅದು ಪೂರ್ತಿ ಬಂದ ಮೇಲೆ ರೂಟರ್. ಒಂದೇ ಕಡೆ ಆನ್ ಮಾಡಿ ಎರಡು ವೈರು ಹಾಕಿದರೆ ಪ್ಯಾಕೆಟ್‌ಗಳು ದಾರಿ ತಪ್ಪಿ ಸಂಪರ್ಕ ಬಂದು ಬಂದು ಹೋಗುತ್ತದೆ.

ಅಗ್ರಿಗೇಷನ್ ಮಾಡಿಯೂ ಸ್ಪೀಡು ಏರಲಿಲ್ಲ ಎನ್ನುವವರು ಒಂದು ವಿಷಯ ಗಮನಿಸಬೇಕು. ಒಂದು ಡೌನ್‌ಲೋಡ್ ಸಂಪರ್ಕ ಎರಡು ವೈರುಗಳಲ್ಲಿ ಹಂಚಿಹೋಗುವುದಿಲ್ಲ. ಯಾವ ಸಂಪರ್ಕ ಯಾವ ವೈರಿನಲ್ಲಿ ಎಂಬುದನ್ನು ಸಾಧನವೇ ವಿಳಾಸ ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ಒಂದೇ ಸಂಪರ್ಕದಲ್ಲಿ ಇಳಿಯುವ ಫೈಲ್ 940ರ ಮೇಲೆ ಹೋಗದು. ನಾಲ್ಕು ಜನ ನಾಲ್ಕು ಕೆಲಸ ಮಾಡುತ್ತಿರುವಾಗ ಒಟ್ಟು 1.4 ಮುಟ್ಟುತ್ತದೆ. ಮೋಡೆಮ್ ಬರೀ ಮ್ಯಾಕ್ ವಿಳಾಸ ನೋಡಿ ಹಂಚುವುದಾದರೆ ಇನ್ನೂ ಕಷ್ಟ. ಮೋಡೆಮ್‌ಗೂ ರೂಟರ್‌ಗೂ ನಡುವೆ ಇರುವುದು ಒಂದೇ ಜೋಡಿ ಮ್ಯಾಕ್ ಆದ್ದರಿಂದ ಎಲ್ಲವೂ ಒಂದೇ ವೈರಿಗೆ ಬೀಳುತ್ತದೆ, ಎರಡನೆಯದು ಸುಮ್ಮನೆ ನೇತಾಡುತ್ತದೆ. ಐಪಿ ಮತ್ತು ಪೋರ್ಟ್ ನೋಡಿ ಹಂಚುವ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ 2.5ರ ಪೋರ್ಟ್ ಮಾತ್ರ. ಅಗ್ರಿಗೇಷನ್ ಕೈಯಲ್ಲಿರುವ ಹಳೆಯ ಸಾಧನಗಳಿಂದ ಕೆಲಸ ತೆಗೆಯುವ ಉಪಾಯ.

ಫೈಬರ್ ಡಬ್ಬಿಯಲ್ಲೂ ಇದೇ ಪರೀಕ್ಷೆ. ಆಪರೇಟರ್ ಕೊಡುವ ಅಗ್ಗದ ಒಎನ್‌ಯು (ಫೈಬರ್ ಬಂದು ಸೇರುವ ಡಬ್ಬಿ, ಒಎನ್‌ಟಿ ಎಂದೂ ಹೆಸರು) ಹಿಂದೆ ನಾಲ್ಕು ಲ್ಯಾನ್ ಪೋರ್ಟ್ ಇದ್ದರೆ ಕೆಲವದರಲ್ಲಿ ಮೊದಲನೆಯದು ಮಾತ್ರ ಗಿಗಾಬಿಟ್, ಉಳಿದ ಮೂರು 100 ಎಂಬಿಪಿಎಸ್. ಜಿಪಾನ್ ಲೈನ್ ಆದರೆ 2.5 ಗಿಗಾಬಿಟ್ ಪೋರ್ಟ್ ಇರುವ ಒಎನ್‌ಟಿ ಕೇಳಿ. ಅದರ ಒಳಪುಟದಲ್ಲಿ ಆಪ್ಟಿಕಲ್ ಪವರ್ ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇರಲಿ. ಮೈನಸ್ 27 ಮುಟ್ಟಿದರೆ ಲೈನ್ ಬಿಟ್ಟು ಬಿಟ್ಟು ಹೋಗುತ್ತದೆ. ಹಸಿರು ಕ್ಲಿಪ್‌ನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ನೇರ. ಒಂದಕ್ಕೊಂದು ಜೋಡಿಸಬಾರದು. ಬಾಗಿಲ ಸಂದಿಯಲ್ಲಿ ಫೈಬರ್ ಮಡಚಬಾರದು, ಸುತ್ತಿಡುವುದಾದರೆ ಅಂಗೈ ಅಗಲದ ಸುರುಳಿ ಮಾಡಿ.

ರೂಟರ್

ರೂಟರ್ ಡಬ್ಬದ ಮೇಲೆ 2.5ಜಿ ಎಂದು ದೊಡ್ಡದಾಗಿ ಬರೆದಿರುತ್ತದೆ. ಹಿಂದೆ ತಿರುಗಿಸಿ ಅಂಥ ಪೋರ್ಟ್ ಎಷ್ಟಿವೆ ಎಣಿಸಿ. ಒಂದೇ ಇದ್ದರೆ ಮೋಡೆಮ್ ಅದಕ್ಕೆ ಹೋಗುತ್ತದೆ, ಕಂಪ್ಯೂಟರ್‌ಗಳಿಗೆ ಉಳಿಯುವುದು ಗಿಗಾಬಿಟ್ ಪೋರ್ಟ್‌ಗಳು. ಎಲ್ಲ ಕಂಪ್ಯೂಟರ್ ಸೇರಿ 2 ಗಿಗಾಬಿಟ್ ಎಳೆಯಬಹುದು, ಒಂದೇ ಕಂಪ್ಯೂಟರ್ 940ಕ್ಕೆ ನಿಲ್ಲುತ್ತದೆ. ಕನಿಷ್ಠ ಎರಡು 2.5 ಪೋರ್ಟ್ ಇರುವ ರೂಟರ್ ತನ್ನಿ.

ನಮ್ಮ ಕಡೆಯ ಆಪರೇಟರ್‌ಗಳು ಹೆಚ್ಚಾಗಿ ಪಿಪಿಪಿಒಇ ಬಳಸುತ್ತಾರೆ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಪದ್ಧತಿ. ಪ್ರತಿ ಪ್ಯಾಕೆಟ್‌ಗೆ 8 ಬೈಟ್ ತಲೆಬರಹ ಸೇರಿಸಿ ತೆಗೆಯುವ ಈ ಕೆಲಸ ರೂಟರ್‌ನ ಪ್ರೊಸೆಸರ್ ಮೇಲೆ ಬಿದ್ದರೆ ಸಾಮಾನ್ಯ ರೂಟರ್ 500–700ರಲ್ಲೇ ಏದುಸಿರು ಬಿಡುತ್ತದೆ. ಈ ಕೆಲಸವನ್ನು ಪ್ರೊಸೆಸರ್‌ನಿಂದ ಬೇರೆ ಚಿಪ್‌ಗೆ ಒಪ್ಪಿಸುವ ಹಾರ್ಡ್‌ವೇರ್ ನ್ಯಾಟ್ ಅಥವಾ ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಆಯ್ಕೆ ಆನ್ ಇರಲಿ. ಕ್ಯೂಒಎಸ್ (ಯಾವ ಕೆಲಸಕ್ಕೆ ಮೊದಲ ಆದ್ಯತೆ ಎಂಬ ಸೆಟ್ಟಿಂಗ್), ಟ್ರಾಫಿಕ್ ಲೆಕ್ಕ, ಪೇರೆಂಟಲ್ ಕಂಟ್ರೋಲ್ ಇವುಗಳಲ್ಲಿ ಒಂದನ್ನು ಆನ್ ಮಾಡಿದರೂ ಬಹಳ ರೂಟರ್‌ಗಳಲ್ಲಿ ಆಫ್‌ಲೋಡ್ ತಾನಾಗಿ ಆಫ್ ಆಗುತ್ತದೆ. ಸ್ಪೀಡ್ ಟೆಸ್ಟ್ ಓಡುವಾಗ ರೂಟರ್ ಪುಟದಲ್ಲಿ ಪ್ರೊಸೆಸರ್ ಬಳಕೆ ನೋಡಿ. ಒಂದು ಕೋರ್ 100ಕ್ಕೆ ಅಂಟಿಕೊಂಡಿದ್ದರೆ ತೂಬು ಅಲ್ಲೇ ಇದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಬೇಕು. 1500 ಎಂದು ಬಿಟ್ಟರೆ ಕೆಲವು ಜಾಲತಾಣಗಳು ಅರ್ಧ ತೆರೆದು ನಿಲ್ಲುತ್ತವೆ.

ಆಪರೇಟರ್‌ನ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಬಂದದ್ದನ್ನು ಹಾಗೇ ದಾಟಿಸುವ ಸ್ಥಿತಿಗೆ) ಹಾಕಿಸಿ, ಡಯಲ್ ಮಾಡುವ ಕೆಲಸ ನಿಮ್ಮ ರೂಟರ್‌ಗೆ ಕೊಡಿ. ಫೋನ್ ಮಾಡುವಾಗ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಆಪರೇಟರ್ ಜಾಲದಲ್ಲಿ ನಿಮ್ಮ ಸಂಪರ್ಕ ಹೋಗುವ ವಿಭಾಗದ ಸಂಖ್ಯೆ). ರೂಟರ್ ಬದಲಿಸಿದ ಮೇಲೆ ಡಯಲ್ ಆಗದಿದ್ದರೆ ಬಹುಪಾಲು ಕಾರಣ ಮ್ಯಾಕ್ ಬೈಂಡಿಂಗ್, ಅಂದರೆ ಹಳೆಯ ರೂಟರ್‌ನ ಮ್ಯಾಕ್ ವಿಳಾಸಕ್ಕೆ ಮಾತ್ರ ಸಂಪರ್ಕ ಕಟ್ಟಿಟ್ಟಿರುವುದು. "ಹಳೇ ಮ್ಯಾಕ್ ರಿಲೀಸ್ ಮಾಡಿ" ಎಂದು ಹೇಳಿದರೆ ಅವರು ಒಂದೇ ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಗೋಡೆಯೊಳಗಿನ ವೈರು, ಕಂಪ್ಯೂಟರ್, ವೈ-ಫೈ

2.5 ಗಿಗಾಬಿಟ್‌ಗೆ ಹೊಸ ವೈರು ಎಳೆಯಬೇಕೆಂದು ಗೋಡೆ ಒಡೆಸುವವರಿದ್ದಾರೆ. ಬೇಕಿಲ್ಲ. 2016ರಲ್ಲಿ ಬಂದ 2.5 ಗಿಗಾಬಿಟ್ ಮಾನದಂಡವನ್ನು ಈಗಾಗಲೇ ಕಟ್ಟಡಗಳಲ್ಲಿರುವ ಕ್ಯಾಟ್-5ಇ ವೈರಿಗೆ ಹೊಂದುವಂತೆಯೇ ರೂಪಿಸಿದ್ದಾರೆ, 100 ಮೀಟರ್‌ವರೆಗೆ. ಹೊಸದಾಗಿ ಎಳೆಯುವವರು ಮಾತ್ರ ಕ್ಯಾಟ್-6 ಹಾಕಿ. ಶುದ್ಧ ತಾಮ್ರ ಬೇಕು. ಸಿಸಿಎ ಎಂದು ಬರೆದ ಅಗ್ಗದ ರೋಲ್‌ನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದಿರುತ್ತಾರೆ. ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ಕ್ರಿಂಪ್ ಮಾಡುವಾಗ ಕೊಂಡಿ ಕೆಳಗೆ ಮಾಡಿ ಹಿಡಿದರೆ ಎಡದಿಂದ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಒಂದೇ ಥರ. ಲಿಂಕ್ 100 ಎಂದು ತೋರಿಸಿದರೆ ಎಂಟು ಎಳೆಗಳಲ್ಲಿ ಯಾವುದೋ ತಾಗಿಲ್ಲ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೂ ಅದರ ಮೇಲಿನದಕ್ಕೂ ನಾಲ್ಕೂ ಜೋಡಿ ಬೇಕು.

ಕಂಪ್ಯೂಟರ್‌ನಲ್ಲಿ 2.5 ಕಾರ್ಡ್ ಇಲ್ಲದಿದ್ದರೆ ಯುಎಸ್‌ಬಿ 3.0 ಅಡಾಪ್ಟರ್ ಸಾಕು. ಅದನ್ನು ಯುಎಸ್‌ಬಿ 2.0 ಬಾಯಿಗೆ ಸಿಕ್ಕಿಸಿದರೆ 480 ಎಂಬಿಪಿಎಸ್ ದಾಟದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ 2500 ಎಂದು ಕಾಣಬೇಕು. ಲಿಂಕ್ ಆಗಾಗ ಬಿದ್ದು ಏಳುತ್ತಿದ್ದರೆ ಕಾರ್ಡ್‌ನ ಆಯ್ಕೆಗಳಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್ ಆಫ್ ಮಾಡಿ ನೋಡಿ. ಡಿಸ್ಕ್ ಕೂಡ ಒಂದು ತೂಬು: 2350 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 290 ಮೆಗಾಬೈಟ್ ಬರೆಯಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ 150ರಲ್ಲೇ ದಣಿಯುತ್ತದೆ, ಎಸ್‌ಎಸ್‌ಡಿ ಬೇಕು.

ವೈ-ಫೈನಲ್ಲಿ ಗಿಗಾಬಿಟ್ ದಾಟಿಸುವುದು ಕಷ್ಟ, ಆದರೆ ಆಗದ್ದಲ್ಲ. ವೈ-ಫೈ 6 ಫೋನ್ 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ 1201 ಎಂದು ತೋರಿಸಿದರೂ ಕೈಗೆ ಬರುವುದು 600–800. 160 ಮೆಗಾಹರ್ಟ್ಸ್ ಅಗಲ ಆರಿಸಿದರೆ ತೋರಿಸುವುದು 2402, ಅದೇ ಕೋಣೆಯಲ್ಲಿ 1400ರ ಮೇಲೆ ಬರಬಹುದು. ಫೋನ್, ಲ್ಯಾಪ್‌ಟಾಪ್ ಕೂಡ 160ಕ್ಕೆ ಒಪ್ಪಬೇಕು. ಒಂದು ಇಟ್ಟಿಗೆ ಗೋಡೆ ಅಡ್ಡ ಬಂದರೆ ಈ ಲೆಕ್ಕವೆಲ್ಲ ಅರ್ಧ. ಬೇರೆ ಕೋಣೆಗೆ ಬೇಕಾದರೆ ಅಲ್ಲಿಯವರೆಗೆ ವೈರು ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈ-ಫೈ ಹರಡುವ ಡಬ್ಬಿ) ಇಡಿ.

ಅಳೆಯುವುದು

ಮೊದಲು ಮನೆಯೊಳಗೇ ಅಳೆಯಿರಿ. 2.5 ಲಿಂಕ್ ಇರುವ ಎರಡು ಕಂಪ್ಯೂಟರ್‌ಗಳಲ್ಲಿ ವೇಗ ಅಳೆಯುವ ಐಪರ್ಫ್ ತಂತ್ರಾಂಶ ಹಾಕಿ, ಒಂದನ್ನು ಸರ್ವರ್ ಮಾಡಿ ಇನ್ನೊಂದರಿಂದ ನಾಲ್ಕು ಸಮಾನಾಂತರ ಸಂಪರ್ಕ ಓಡಿಸಿ. 2300ರ ಮೇಲೆ ಬಂದರೆ ಮನೆ ವೈರು, ಕಾರ್ಡು ಸರಿ ಇವೆ, ಇನ್ನು ಹುಡುಕಬೇಕಾದದ್ದು ರೂಟರ್‌ನಿಂದ ಆಚೆ. ಆಮೇಲೆ ಸ್ಪೀಡ್ ಟೆಸ್ಟ್. ಬ್ರೌಸರ್ ಬೇಡ, ಸ್ಪೀಡ್ ಟೆಸ್ಟ್‌ನ ಆ್ಯಪ್ ಬಳಸಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತಾನೇ ತೂಬಾಗುತ್ತದೆ. ಸರ್ವರ್ ಆಯ್ಕೆಯಲ್ಲಿ ಬೆಂಗಳೂರಿನ ಎರಡು ಮೂರು ಬೇರೆ ಬೇರೆ ಹೆಸರು ಪ್ರಯತ್ನಿಸಿ. ಬೆಳಿಗ್ಗೆ 6ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ, ಮೂರು ದಿನ ಬರೆದಿಡಿ. ಬೆಳಿಗ್ಗೆ 1400 ಬಂದು ರಾತ್ರಿ 500 ಬಂದರೆ ನಿಮ್ಮ ಮನೆಯಲ್ಲಿ ತಪ್ಪಿಲ್ಲ, ಬೀದಿಯ ಹಂಚಿಕೆ ತುಂಬಿದೆ. ಆ ಚೀಟಿ ಕೈಯಲ್ಲಿಟ್ಟುಕೊಂಡು ಮಾತಾಡಿದರೆ ಆಪರೇಟರ್ ಕೂಡ ಗಂಭೀರವಾಗಿ ಕೇಳುತ್ತಾರೆ.

ನಿಮ್ಮ ಬೀದಿಯಲ್ಲಿ ಇಪಾನ್ ಬಿಟ್ಟರೆ ಬೇರೆ ಗತಿಯೇ ಇಲ್ಲ ಎಂದಾದರೆ ಎರಡು ಆಪರೇಟರ್‌ಗಳ ಎರಡು ಲೈನ್ ಹಾಕಿಸಿ, ಎರಡು ವ್ಯಾನ್ (ಹೊರಗಿನ ಲೈನ್ ಹಾಕುವ ಪೋರ್ಟ್) ಇರುವ ರೂಟರ್‌ನಲ್ಲಿ ಲೋಡ್ ಬ್ಯಾಲೆನ್ಸ್ ಮಾಡಬಹುದು, ಅಂದರೆ ಕೆಲಸವನ್ನು ಎರಡೂ ಲೈನ್‌ಗೆ ಹಂಚಬಹುದು. ಇಲ್ಲೂ ಒಂದು ಸಂಪರ್ಕ ಒಂದೇ ಲೈನ್‌ನಲ್ಲಿ ಹೋಗುತ್ತದೆ, ಒಟ್ಟು ಮಾತ್ರ ಕೂಡುತ್ತದೆ. ಬ್ಯಾಂಕ್ ಜಾಲತಾಣಗಳು ನಡುವೆ ಐಪಿ ಬದಲಾದರೆ ಹೊರಗೆ ಹಾಕುತ್ತವೆ, ಆದ್ದರಿಂದ ಒಂದು ಸಾಧನ ಒಂದೇ ಲೈನ್ ಹಿಡಿದಿರುವಂತೆ ಸೆಟ್ಟಿಂಗ್ ಮಾಡಿ. ಎರಡೂ ಲೈನ್ ಒಂದೇ ದಾರಿಯಲ್ಲಿ ಬಂದರೆ ರಸ್ತೆ ಅಗೆದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಮುಂದಿನ ಬೀದಿಯಿಂದ, ಇನ್ನೊಂದು ಹಿಂದಿನಿಂದ ಬರಲಿ.

ಕರೆಂಟ್ ಮತ್ತು ಸಿಡಿಲು

ಮೋಡೆಮ್ ಮತ್ತು ರೂಟರ್‌ಗೆ ಒಂದೇ ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕುವವರು ಅಡಾಪ್ಟರ್‌ಗಳ ಮೇಲಿನ ಆಂಪಿಯರ್ ಕೂಡಿಸಿ ನೋಡಿ. 2.5 ಪೋರ್ಟ್ ಇರುವ ರೂಟರ್‌ಗಳು 2ರಿಂದ 3 ಆಂಪಿಯರ್ ಕೇಳುವುದುಂಟು, ಮೋಡೆಮ್ ಇನ್ನೂ 1.5. ಒಟ್ಟು 2 ಆಂಪಿಯರ್ ಕೊಡುವ ಯುಪಿಎಸ್ ಮೇಲೆ ಎರಡನ್ನೂ ಹಾಕಿದರೆ ಸ್ಪೀಡ್ ಟೆಸ್ಟ್ ಒತ್ತಿದಾಗಲೇ ರೂಟರ್ ರೀಸ್ಟಾರ್ಟ್ ಆಗುತ್ತದೆ, ಜನ ಲೈನ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಎರಡಕ್ಕೆ ಎರಡು ಬೇರೆ ಯುಪಿಎಸ್ ಇಡಿ.

ಕೋಆಕ್ಸಿಯಲ್ ಕೇಬಲ್ ತಾಮ್ರ, ಸಿಡಿಲಿಗೆ ಒಳ್ಳೆಯ ದಾರಿ. ಮನೆಗೆ ಬರುವ ಜಾಗದಲ್ಲಿ ಗ್ರೌಂಡ್ ಬ್ಲಾಕ್ (ಕೇಬಲ್ ಕವಚವನ್ನು ಅರ್ಥಿಂಗ್‌ಗೆ ಜೋಡಿಸುವ ಲೋಹದ ತುಂಡು) ಹಾಕಿ ಅದರ ಹಸಿರು ತಂತಿಯನ್ನು ಮನೆಯ ಮೀಟರಿನ ಅರ್ಥಿಂಗ್‌ಗೇ ಸೇರಿಸಿ, ಅದಕ್ಕೆಂದು ಬೇರೆ ಗುಂಡಿ ತೋಡಿ ಒಂಟಿಯಾಗಿ ಬಿಡಬೇಡಿ. ಎರಡು ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದಾಗ ಅದು ಹರಿಯುವುದು ಮೋಡೆಮ್‌ನ ಒಳಗಿನಿಂದಲೇ. ಗ್ರೌಂಡ್ ಬ್ಲಾಕ್ ಇದ್ದರೂ ಅಶ್ವಿನಿ, ಭರಣಿ ಮಳೆಯ ಮೋಡ ಕವಿಯುತ್ತಿರುವಾಗ, ಗುಡುಗು ಕೇಳುವ ಮೊದಲೇ ಕೋಆಕ್ಸಿಯಲ್ ಪಿನ್, ಕರೆಂಟ್ ಪ್ಲಗ್ ಎರಡನ್ನೂ ಬಿಚ್ಚಿಡಿ. ದೂರದಲ್ಲಾದರೂ ಗುಡುಗು ಕೇಳಿದ ಮೇಲೆ ಮುಟ್ಟಬೇಡಿ. ಮಳೆ, ಗುಡುಗು ಎರಡೂ ಪೂರ್ತಿ ನಿಂತ ಮೇಲೆ ಮತ್ತೆ ಹಾಕುವಾಗ ಪಿನ್‌ನ ನಡುವಿನ ತಾಮ್ರ ನೆಟ್ಟಗಿದೆಯೇ ನೋಡಿ, ಸ್ಪ್ಯಾನರ್‌ನಿಂದ ಬಿಗಿ ಮಾಡಿ, 192.168.100.1 ತೆರೆದು ಪವರ್ ಅಂಕಿ ಹಿಂದಿನಷ್ಟೇ ಇದೆಯೇ ಎಂದು ತಾಳೆ ನೋಡಿ.